ಗಾಡಿ ಎತ್ತರ ಆಗೇತಿ, ಶಾಫ್ಟ್ ಇದ್ದಷ್ಟ ಐತಿ

ಯಡೂರಿನ ವೀರಭದ್ರ ದೇವರ ಗುಡಿಗೆ ಕೈಮುಗಿದು, ಕೃಷ್ಣೆಯ ದಂಡೆಯ ಹೊಲಗಳ ಕಡೆಗೆ ತಿರುಗಿದರೆ ಡಾಂಬರು ಮುಗಿದ ಕೂಡಲೇ ಎರೆಮಣ್ಣು ಶುರು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಈ ಚಕ್ಕಡಿ ದಾರಿಗಳಲ್ಲಿ ಆಳವಾದ ಗಾಲಿಗೆರೆ ಕೊರೆದಿಟ್ಟಿರುತ್ತವೆ. ನಡುವೆ ದಿಬ್ಬ, ಎರಡೂ ಬದಿ ತಗ್ಗು. ಜೀಪು ಆ ತಗ್ಗಿಗೆ ಇಳಿದರೆ ಹೊಟ್ಟೆ ದಿಬ್ಬಕ್ಕೆ ಉಜ್ಜುತ್ತದೆ. ಹಾಗಾಗಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನಲ್ಲಿ ಹಳೆಯ ಮಹೀಂದ್ರಾ ಜೀಪು ಇಟ್ಟುಕೊಂಡವರಿಗೆ ಅದನ್ನು ಒಂದೆರಡು ಇಂಚು ಎತ್ತರಿಸುವ ಆಸೆ ಬರುವುದು ಸಹಜ.

ನಾನು ಕೊಂಡದ್ದೂ ಅಂಥದ್ದೇ ಜೀಪು. ನಾಲ್ಕೂ ಕಡೆ ಪಾಟಾ (ಲೀಫ್ ಸ್ಪ್ರಿಂಗ್), ಮೊದಲಿನ ಮಾಲೀಕರು ಎರಡು ಇಂಚು ಎತ್ತರಿಸಿ ದೊಡ್ಡ ಟೈರು ಹಾಕಿಸಿದ್ದರು. ಕೊಂಡ ವರ್ಷದಲ್ಲೇ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎರಡು ಸಲ ಹೋಯಿತು. ಮೊದಲ ಸಲ ಕ್ರಾಸ್ ಬದಲಿಸಿದೆ. ಎರಡನೆಯ ಸಲ ಇಡೀ ಶಾಫ್ಟನ್ನೇ ಬದಲಿಸಿದೆ. ಹೊಸ ಶಾಫ್ಟ್ ಹಾಕಿದ ಮೂರನೇ ತಿಂಗಳಿಗೆ ಅದೇ ನಡುಕ, ಗೇರು ಹಾಕಿ ಕ್ಲಚ್ ಬಿಟ್ಟಾಗ ಅದೇ ‘ಟಕ್’ ಎಂಬ ಏಟು. ಆಗ ನಮ್ಮ ಹೊಲದಲ್ಲಿ ರೋಟಾವೇಟರ್ ರಿಪೇರಿಗೆಂದು ಬಂದಿದ್ದ ಹಿರಿಯ ಮಿಸ್ತ್ರಿಯೊಬ್ಬರು ಜೀಪಿನ ಕೆಳಗೆ ಬಗ್ಗಿ ನೋಡಿ ಒಂದೇ ಮಾತು ಹೇಳಿದರು: “ಅಣ್ಣಾರ, ಶಾಫ್ಟಿಂದ ಏನೂ ತಪ್ಪಿಲ್ರಿ. ಗಾಡಿ ಎತ್ತರ ಆಗೇತಿ, ಶಾಫ್ಟ್ ಇದ್ದಷ್ಟ ಐತಿ.”

ಎತ್ತರಿಸಿದ ಗಾಡಿಯ ಶಾಫ್ಟನ್ನು ಮನೆಯಂಗಳದಲ್ಲಿ ಬದಲಿಸಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಕಳಚುವುದು, ಜೋಡಿಸುವುದು ಒಂದು ದಿನದ ಕೆಲಸ. ಆದರೆ ಮುರಿದದ್ದರ ಜಾಗಕ್ಕೆ ಅದೇ ಅಳತೆಯ ಹೊಸದನ್ನು ತಂದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪಾನಾ ಹಿಡಿಯುವ ಮೊದಲು ಟೇಪು ಹಿಡಿಯಬೇಕು.

ಕೋನ ಹೆಚ್ಚಿದರೆ ಶಾಫ್ಟಿಗೆ ಏನಾಗುತ್ತದೆ ಎಂಬುದನ್ನು ರೋಟಾವೇಟರ್ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಲಿನ ತುದಿಯಲ್ಲಿ ರೋಟಾವೇಟರನ್ನು ಮೇಲೆತ್ತುವ ಮುಂಚೆ ಅದನ್ನು ತಿರುಗಿಸುವ ಪಿಟಿಒ ಬಂದ್ ಮಾಡುತ್ತೇವೆ. ಮಾಡದೆ ಎತ್ತಿದರೆ ಶಾಫ್ಟ್ ಕಟಕಟ ಎಂದು ಹೊಡೆದುಕೊಳ್ಳುತ್ತದೆ. ಕಾರಣ, ಕ್ರಾಸ್ ಜಾಯಿಂಟ್ ಸೊಟ್ಟಗಾದಾಗ ತಿರುಗುವಿಕೆಯನ್ನು ಸಮನಾಗಿ ದಾಟಿಸುವುದಿಲ್ಲ. ಈ ಕಡೆಯ ದಂಡ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಆ ಕಡೆಯದು ಒಂದು ಸುತ್ತಿನಲ್ಲಿ ಎರಡು ಸಲ ಓಡಿ, ಎರಡು ಸಲ ತಡೆಯುತ್ತದೆ. ಕೋನ 10 ಡಿಗ್ರಿ ಇದ್ದಾಗ ಈ ಏರಿಳಿತ ಆಚೆಗೊಂದೂವರೆ, ಈಚೆಗೊಂದೂವರೆ ಶೇಕಡಾ. 20 ಡಿಗ್ರಿಗೆ ಹೋದರೆ ಸುಮಾರು 6 ಶೇಕಡಾ. ಕೋನ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟಾಗುತ್ತದೆ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಜೀಪು ಟಾಪ್ ಗೇರಿನಲ್ಲಿ ಓಡುವಾಗ ಶಾಫ್ಟ್ ಎಂಜಿನ್ನಿನಷ್ಟೇ ಸುತ್ತು, ಅಂದರೆ 2500ರಿಂದ 3000 ಸುತ್ತು ತಿರುಗುತ್ತಿರುತ್ತದೆ. ಸೆಕೆಂಡಿಗೆ ನೂರರ ಹತ್ತಿರ ಹೊಡೆತ ಆ ಬೆರಳುಗಾತ್ರದ ಕ್ರಾಸಿನ ಮೇಲೆ ಬೀಳುತ್ತವೆ.

ಹಾಗಾದರೆ ಕಂಪನಿಯಿಂದ ಬಂದ ಗಾಡಿ ಹೇಗೆ ನುಣ್ಣಗೆ ಓಡುತ್ತದೆ? ಶಾಫ್ಟಿಗೆ ಎರಡು ತುದಿಗೂ ಒಂದೊಂದು ಜಾಯಿಂಟ್ ಇದೆ. ಎರಡರ ಕೋನವೂ ಸಮನಾಗಿದ್ದರೆ, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಯೋಕುಗಳ ಕಿವಿಗಳು ಒಂದೇ ಸಾಲಿನಲ್ಲಿದ್ದರೆ, ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಸರಿಮಾಡಿ ಕೊಡುತ್ತದೆ. ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಈ ಹೊಂದಾಣಿಕೆ ಕೆಟ್ಟ ದಿನ ನಡುಕ ಶುರುವಾಗುತ್ತದೆ.

ಈಗ ಎತ್ತರದ ಲೆಕ್ಕ. ಶಾಫ್ಟ್ 50 ಸೆಂಟಿಮೀಟರ್ ಉದ್ದವಿದೆ, ಗೇರ್ ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸಿನ ತುದಿಗಿಂತ ಹಿಂದಿನ ಆಕ್ಸಲ್ ಹೌಸಿಂಗಿನ ಪಿನಿಯನ್ ತುದಿ 10 ಸೆಂಟಿಮೀಟರ್ ಕೆಳಗಿದೆ ಎಂದುಕೊಳ್ಳಿ. ಕೇಸು ನೆಲಕ್ಕೆ ಸಮನಾಗಿ ಕೂತಿದ್ದರೆ ಕೋನ ಸುಮಾರು ಹನ್ನೊಂದೂವರೆ ಡಿಗ್ರಿ. ಪಾಟಾ ಎರಡು ಇಂಚು ಎತ್ತರಿಸಿದರೆ, ಅಂದರೆ 5 ಸೆಂಟಿಮೀಟರ್, ಇಳಿಜಾರು 15 ಸೆಂಟಿಮೀಟರ್ ಆಗುತ್ತದೆ, ಕೋನ 17ಕ್ಕೇರುತ್ತದೆ. ಏರಿಳಿತ 2 ಶೇಕಡಾ ಇದ್ದದ್ದು ನಾಲ್ಕೂವರೆಯ ಹತ್ತಿರ. ಅಷ್ಟೇ ಅಲ್ಲ, ಎರಡು ತುದಿಗಳ ನಡುವಿನ ದೂರವೂ 50ರಿಂದ 51 ಸೆಂಟಿಮೀಟರ್ ದಾಟುತ್ತದೆ. ಆ ಒಂದು ಸೆಂಟಿಮೀಟರ್ ಎಲ್ಲಿಂದ ಬರಬೇಕು? ಶಾಫ್ಟಿನ ನಡುವಿನ ಜಾರುವ ಸ್ಪ್ಲೈನ್ ಹೊರಗೆ ಎಳೆದುಕೊಂಡು ಕೊಡುತ್ತದೆ. ಗಾಲಿ ಗುಂಡಿಗೆ ಜೋತಾಗ ಇನ್ನಷ್ಟು ಎಳೆಯುತ್ತದೆ. ಶಾಫ್ಟ್ ಗಿಡ್ಡವಾದಷ್ಟೂ ಈ ತೊಂದರೆ ಹೆಚ್ಚು, ಅದಕ್ಕೇ ಗಿಡ್ಡ ಜೀಪುಗಳು ಉದ್ದ ಜೀಪುಗಳಿಗಿಂತ ಬೇಗ ದೂರು ಹೇಳುತ್ತವೆ.

ದೊಡ್ಡ ಟೈರು ಹಾಕಿದರೆ ಮಾತ್ರ ಈ ಕೋನ ಬದಲಾಗುವುದಿಲ್ಲ. ಟೈರು ಹೌಸಿಂಗನ್ನೂ ಚಾಸಿಯನ್ನೂ ಒಟ್ಟಿಗೇ ಎತ್ತುತ್ತದೆ. ಪಾಟಾ ಎತ್ತರಿಸಿದರೆ ಚಾಸಿ ಮಾತ್ರ ಮೇಲೇರುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ದಿಬ್ಬಕ್ಕೆ ಉಜ್ಜುವುದು ಹೌಸಿಂಗೇ ಆಗಿದ್ದರೆ ಪಾಟಾ ಎತ್ತರಿಸಿ ಏನೂ ಸಿಕ್ಕಂತಾಗಲಿಲ್ಲ. ಇದನ್ನು ತಿಳಿಯದೆ ದುಡ್ಡು ಹಾಕಿದವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಶಾಫ್ಟ್ ಹೋಗಿದೆಯೇ ಇಲ್ಲವೇ ಎಂದು ನೋಡುವ ಮೊದಲು ಗಾಡಿ ತೊಳೆಯಿರಿ. ಎರೆಮಣ್ಣು ಶಾಫ್ಟಿನ ಒಂದು ಮಗ್ಗುಲಿಗೆ, ರಿಮ್ಮಿನ ಒಳಗೆ ಮೆತ್ತಿ ಒಣಗಿದರೆ ಸಿಮೆಂಟಿನಂತೆ ಕೂಡುತ್ತದೆ. ಅದರ ಭಾರಕ್ಕೇ ಗಾಡಿ ನಡುಗುತ್ತದೆ. ತೊಳೆದ ಮೇಲೂ ನಡುಕ ಇದ್ದರೆ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ಗೆ ತಂದು ಕೆಳಗೆ ಹೋಗಿ. ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಮೇಲೆ ಸ್ವಲ್ಪ ತಿರುಚಿ ನೋಡಿ. ಯೋಕು ಮತ್ತು ಕ್ರಾಸಿನ ನಡುವೆ ಕಣ್ಣಿಗೆ ಕಾಣುವ ಸಡಿಲ ಇರಲೇಬಾರದು. ಕ್ರಾಸಿನ ಕಪ್ಪುಗಳ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಬತ್ತಿ, ಸೂಜಿ ಬೇರಿಂಗು ತುಕ್ಕು ಹಿಡಿದು ಅರೆಯುತ್ತಿದೆ ಎಂದೇ ಅರ್ಥ. ನಿಧಾನ ಹೋಗುವಾಗ ‘ಚೀಂ ಚೀಂ’ ಸಪ್ಪಳ ಬರುವುದೂ ಒಣಗಿದ ಕ್ರಾಸಿನದೇ. ಮುಂದಕ್ಕೆ ಹಿಂದಕ್ಕೆ ಗೇರು ಬದಲಿಸುವಾಗ ‘ಟಕ್’ ಎಂದರೆ ಕ್ರಾಸ್ ಇಲ್ಲವೇ ಸ್ಪ್ಲೈನ್ ಸವೆದಿದೆ. ಸ್ಪ್ಲೈನನ್ನು ಬೇರೆಯಾಗಿ ಹಿಡಿದು ತಿರುಚಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಕೊನೆಗೆ ಕೊಳವೆಯ ಮೇಲೆ ಕೈಯಾಡಿಸಿ. ಕಲ್ಲಿಗೆ ಬಡಿದು ತಗ್ಗು ಬಿದ್ದ ಶಾಫ್ಟ್ ಸರಳ ಕಂಡರೂ ತೂಕ ತಪ್ಪಿರುತ್ತದೆ. ಅದಕ್ಕೆ ಬೆಸೆದಿರುವ ಸಣ್ಣ ತಗಡಿನ ತುಂಡುಗಳು ತೂಕ ಸರಿದೂಗಿಸಲು ಇಟ್ಟವು, ಕೊಳೆ ಎಂದುಕೊಂಡು ಕೆತ್ತಬೇಡಿ.

ಇನ್ನು ಕಳಚುವ ಮಾತು. ಇಲ್ಲಿ ಒಂದು ವಿಷಯವನ್ನು ಎರಡು ಸಲ ಓದಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಹಿಂದಿನ ಗಾಲಿಯಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದುಗಡೆ, ಶಾಫ್ಟ್ ಕೂಡುವ ಜಾಗದಲ್ಲಿ ಇರುತ್ತದೆ. ಅಂದರೆ ಹಿಂದಿನ ಶಾಫ್ಟನ್ನು ಬಿಚ್ಚಿದ ಗಳಿಗೆಗೆ ಹ್ಯಾಂಡ್‌ಬ್ರೇಕೂ ಹೋಯಿತು, ಗೇರಿನ ಹಿಡಿತವೂ ಹೋಯಿತು. ಕೊನೆಯ ಬೋಲ್ಟು ಕೈಗೆ ಬರುವಾಗ ನೀವು ಕೆಳಗೆ ಮಲಗಿರುತ್ತೀರಿ, ಗಾಡಿಯನ್ನು ಹಿಡಿದಿರುವುದು ಗಾಲಿಗಿಟ್ಟ ಕಲ್ಲು ಮಾತ್ರ. ಹ್ಯಾಂಡ್‌ಬ್ರೇಕು ಹಿಂದಿನ ಗಾಲಿಯಲ್ಲೇ ಇರುವ ಗಾಡಿಯಲ್ಲೂ ಗೇರಿನ ಆಸರೆ ಇರುವುದಿಲ್ಲ. ಆದ್ದರಿಂದ ನಾಲ್ಕೂ ಗಾಲಿಗೆ, ಮುಂದೂ ಹಿಂದೂ, ಚೂಪಾದ ದೊಡ್ಡ ಕಲ್ಲು ಇಲ್ಲವೇ ಮರದ ಬೆಣೆ ಬಿಗಿಯಾಗಿ ಕೊಡಿ. ದುಂಡಗಿನ ಹೊಳೆಗಲ್ಲು ಉರುಳುತ್ತದೆ, ಅದು ಬೇಡ. ಅಂಗಳ ಇಳಿಜಾರಿದ್ದರೆ ಆ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ.

ಎತ್ತರಿಸಿದ ಜೀಪಿನ ಕೆಳಗೆ ಸಾಮಾನ್ಯವಾಗಿ ಜಾಕು ಕೊಡದೆಯೇ ಕೈಯಾಡುವಷ್ಟು ಜಾಗ ಸಿಗುತ್ತದೆ, ಅದೊಂದು ಅನುಕೂಲ. ಎತ್ತಲೇಬೇಕಾದರೆ ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ಹೋಗಬೇಡಿ. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕು ಇಡುವವರನ್ನು ನೋಡಿದ್ದೇನೆ. ಅವು ಭಾರ ಹೊರುತ್ತ ಹೊರುತ್ತ ಒಮ್ಮೆಲೇ ಪುಡಿಯಾಗುತ್ತವೆ. ಒಬ್ಬರೇ ಇರುವಾಗ ಈ ಕೆಲಸಕ್ಕೆ ಇಳಿಯಬೇಡಿ. ಮನೆಯವರು ಯಾರಾದರೂ ಕೂಗು ಕೇಳುವ ದೂರದಲ್ಲಿರಲಿ.

ಬೇಕಾದ ಸಾಮಾನು ಬಹಳ ಇಲ್ಲ: ರಿಂಗ್ ಪಾನಾ, ಸಾಕೆಟ್ ಸೆಟ್ಟು, ಸರ್ಕ್ಲಿಪ್ ತೆಗೆಯುವ ಇಕ್ಕಳ, ಸುತ್ತಿಗೆ, ಗಟ್ಟಿ ವೈಸ್, ತಂತಿಯ ಬ್ರಷ್ಷು, ಗ್ರೀಸ್ ಗನ್ನು, ಬಿಳಿ ಪೇಂಟು. ಪೇಂಟು ಯಾಕೆಂದರೆ, ಕಳಚುವ ಮುಂಚೆ ಎಲ್ಲದಕ್ಕೂ ಗುರುತು ಹಾಕಬೇಕು. ಶಾಫ್ಟಿನ ಯೋಕು ಯಾವ ಕಡೆ ಫ್ಲ್ಯಾಂಜಿಗೆ ಕೂತಿತ್ತು, ಸ್ಪ್ಲೈನಿನ ಗಂಡು ಭಾಗ ಹೆಣ್ಣು ಭಾಗಕ್ಕೆ ಯಾವ ಹಲ್ಲಿಗೆ ಕೂತಿತ್ತು, ಎರಡಕ್ಕೂ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಸ್ಪ್ಲೈನನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದರೂ ಎರಡು ತುದಿಯ ಯೋಕುಗಳು ಒಂದೇ ಸಾಲಿನಲ್ಲಿ ಉಳಿಯುವುದಿಲ್ಲ. ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ ಎಂದೆನಲ್ಲ, ಆಗ ಅದು ಪೂರ್ತಿ ಅಳಿಸುವುದಿಲ್ಲ, ಸಾಲು ಬಹಳ ತಪ್ಪಿದರೆ ಅಳಿಸುವ ಬದಲು ಕೂಡಿಸಲು ಶುರುಮಾಡುತ್ತದೆ. ಹೊಸ ಶಾಫ್ಟ್ ತಂದಾಗಲೂ ಮೊದಲು ನೋಡಬೇಕಾದದ್ದು ಈ ಸಾಲನ್ನೇ.

ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಕಷ್ಟ ಕಡಿಮೆ. ಕೆಲವು ಜೀಪುಗಳಲ್ಲಿ ನಾಲ್ಕು ಬೋಲ್ಟಿನ ಫ್ಲ್ಯಾಂಜ್ ಇರುತ್ತದೆ, ಹಳೆಯವಲ್ಲಿ ಕ್ರಾಸಿನ ಎರಡು ಕಪ್ಪುಗಳನ್ನು ಯು-ಬೋಲ್ಟು ಹಿಡಿದಿರುತ್ತದೆ. ಯು-ಬೋಲ್ಟು ಇರುವಲ್ಲಿ ಕಳಚಿದ ಕೂಡಲೇ ಆ ಎರಡು ಕಪ್ಪು ಬಿದ್ದು ಸೂಜಿಗಳು ಚೆಲ್ಲಾಡುತ್ತವೆ. ಮೊದಲೇ ಕಪ್ಪುಗಳಿಗೆ ಟೇಪು ಸುತ್ತಿ ಇಡಿ. ಪಿನಿಯನ್ ಕಡೆಯಿಂದ ಬಿಚ್ಚಿ, ತುದಿಯನ್ನು ನೆಲಕ್ಕೆ ಬೀಳಗೊಡದೆ ಹಗ್ಗದಿಂದ ಚಾಸಿಗೆ ಕಟ್ಟಿ, ಆಮೇಲೆ ಟ್ರಾನ್ಸ್‌ಫರ್ ಕೇಸಿನ ಕಡೆ ಬಿಚ್ಚಿ. ಕೆಲವು ಗಾಡಿಗಳಲ್ಲಿ ಶಾಫ್ಟಿನ ತುದಿ ಬಾಕ್ಸಿನೊಳಗೇ ತೂರಿರುತ್ತದೆ. ಎಳೆದರೆ ಆಯಿಲ್ ಸುರಿಯುತ್ತದೆ, ಕೆಳಗೆ ಬೋಗುಣಿಯೊಂದು ಇರಲಿ. ಹೋಗಿದ್ದು ಮುಂದಿನ ಶಾಫ್ಟಾಗಿದ್ದರೆ ಅದನ್ನು ಪೂರ್ತಿ ಬಿಚ್ಚಿಟ್ಟು, ಹಿಂದಿನ ಎರಡು ಗಾಲಿಯ ಮೇಲೆ ಗಾಡಿಯನ್ನು ಮನೆ ಮುಟ್ಟಿಸಬಹುದು. ಅರ್ಧ ಬಿಚ್ಚಿ ಜೋತಾಡಲು ಬಿಟ್ಟು ಓಡಿಸಬಾರದು. ಓಡುವ ಗಾಡಿಯಲ್ಲಿ ಶಾಫ್ಟಿನ ಮುಂದಿನ ತುದಿ ಕಳಚಿ ನೆಲಕ್ಕೆ ನಾಟಿದರೆ ಗಾಡಿಯನ್ನೇ ಎತ್ತಿ ಒಗೆಯುತ್ತದೆ.

ಕ್ರಾಸ್ ಬದಲಿಸುವುದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಮನೆಗೆಲಸ ಹಾಳಾಗುವುದು ಇಲ್ಲೇ. ಮೊದಲು ಸರ್ಕ್ಲಿಪ್ಪಿನ ತೋಡಿನಲ್ಲಿ ಕೂತ ಮಣ್ಣು, ತುಕ್ಕು ಕೆರೆದು ತೆಗೆಯಿರಿ. ನಾಲ್ಕೂ ಸರ್ಕ್ಲಿಪ್ ತೆಗೆದ ಮೇಲೆ ಯೋಕನ್ನು ವೈಸಿಗೆ ಹಿಡಿದು, ಒಂದು ಕಡೆ ಕಪ್ಪಿಗಿಂತ ಸಣ್ಣ ಸಾಕೆಟ್ಟು, ಎದುರು ಕಡೆ ಕಪ್ಪು ಒಳಹೋಗುವಷ್ಟು ದೊಡ್ಡ ಸಾಕೆಟ್ಟು ಇಟ್ಟು ವೈಸ್ ತಿರುವಿ. ಸಣ್ಣದು ಈ ಕಡೆಯ ಕಪ್ಪನ್ನು ಒತ್ತಿದಂತೆ ಆ ಕಡೆಯದು ದೊಡ್ಡ ಸಾಕೆಟ್ಟಿನೊಳಗೆ ಹೊರಬರುತ್ತದೆ. ಸುತ್ತಿಗೆಯಿಂದ ಯೋಕಿನ ಕಿವಿಗೆ ಬಡಿದು ತೆಗೆಯುವವರಿದ್ದಾರೆ. ಕಿವಿ ಒಂದು ಕೂದಲಷ್ಟು ಬಾಗಿದರೂ ಹೊಸ ಕ್ರಾಸ್ ಬಿಗಿಯಾಗಿ ಬೇಗ ಸಾಯುತ್ತದೆ.

ಹೊಸ ಕ್ರಾಸಿನ ಕಪ್ಪು ತೆಗೆದು ನೋಡಿ. ಒಳಗೋಡೆಗೆ ಸೂಜಿಗಳು ಸಾಲಾಗಿ ನಿಂತಿರುತ್ತವೆ, ಜೋಳದ ತೆನೆಯಲ್ಲಿ ಕಾಳು ನಿಂತಂತೆ. ಅವನ್ನು ಹಿಡಿದಿರುವುದು ಗ್ರೀಸ್ ಒಂದೇ. ಕೂರಿಸುವಾಗ ಕಪ್ಪು ಓರೆಯಾದರೆ ಒಂದು ಸೂಜಿ ಜಾರಿ ಕಪ್ಪಿನ ತಳಕ್ಕೆ ಅಡ್ಡ ಬೀಳುತ್ತದೆ. ಆಗ ಕಪ್ಪು ಪೂರ್ತಿ ಒಳಹೋಗದೆ ಸರ್ಕ್ಲಿಪ್ ಕೂರಲು ಒಂದು ಮಿಲಿಮೀಟರ್ ಕಡಿಮೆ ಬೀಳುತ್ತದೆ. ಎಷ್ಟೋ ಜನ ಇಲ್ಲಿ ಸುತ್ತಿಗೆಯ ಬಲ ತೋರಿಸುತ್ತಾರೆ. ಬಡಿಯಬೇಡಿ. ಸರ್ಕ್ಲಿಪ್ ಕೂರಲಿಲ್ಲ ಎಂದರೆ ಸೂಜಿ ಬಿದ್ದಿದೆ ಎಂದು ತಿಳಿದು ಕಪ್ಪು ಹೊರತೆಗೆದು ನೋಡಿ. ಕಪ್ಪು ಅರ್ಧ ಒಳಹೋದಾಗಲೇ ಕ್ರಾಸಿನ ಕಾಲನ್ನು ಅದರೊಳಗೆ ತೂರಿಸಿ, ಕಾಲಿನ ಆಸರೆಯಲ್ಲೇ ಕಪ್ಪನ್ನು ಒಳಗೆ ನಡೆಸಿದರೆ ಸೂಜಿ ಬೀಳುವುದಿಲ್ಲ. ಗ್ರೀಸ್ ನಿಪ್ಪಲ್ ಶಾಫ್ಟಿನ ಕೊಳವೆಯ ಕಡೆಗೆ ಮುಖ ಮಾಡಿರಲಿ, ಗಾಡಿಗೆ ಹಾಕಿದ ಮೇಲೂ ಗನ್ನಿನ ಬಾಯಿ ಅಲ್ಲಿಗೆ ಮುಟ್ಟಬೇಕು. ಎಲ್ಲ ಕೂತ ಮೇಲೆ ಜಾಯಿಂಟನ್ನು ಕೈಯಲ್ಲಿ ಎಲ್ಲ ದಿಕ್ಕಿಗೂ ಆಡಿಸಿ. ಬಿಗಿ ಅನಿಸಿದರೆ ಕಿವಿಯ ಬುಡಕ್ಕೆ ಮರದ ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ಏಟು ಕೊಟ್ಟರೆ ಕಪ್ಪುಗಳು ಹಿಂದೆ ಸರಿದು ಸರ್ಕ್ಲಿಪ್ಪಿಗೆ ಆನಿಕೊಳ್ಳುತ್ತವೆ. ಆಮೇಲೆ ನಾಲ್ಕೂ ಸೀಲುಗಳಿಂದ ಹೊಸ ಗ್ರೀಸ್ ಇಣುಕುವ ತನಕ ಗನ್ನು ಹೊಡೆಯಿರಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಮುಂದೆ ಕೆಡುವುದು.

ಕ್ರಾಸ್ ಬದಲಿಸಿದರೆ ಸಾಕೋ, ಇಡೀ ಶಾಫ್ಟ್ ಬೇಕೋ? ಸ್ಪ್ಲೈನ್ ಸವೆದಿದ್ದರೆ, ಕೊಳವೆ ತಗ್ಗಾಗಿದ್ದರೆ, ಕಪ್ಪು ಕೂರುವ ತೂತು ದೊಡ್ಡದಾಗಿದ್ದರೆ, ಎತ್ತರಿಸಿದ ಮೇಲೆ ಉದ್ದ ಸಾಲದಿದ್ದರೆ ಶಾಫ್ಟೇ ಬೇಕು. ಉದ್ದ ಅಳೆಯುವಾಗ ಗಾಡಿ ತನ್ನ ಭಾರದ ಮೇಲೆ, ಗಾಲಿಗಳ ಮೇಲೆ ನೆಲದಲ್ಲಿ ನಿಂತಿರಬೇಕು. ಜಾಕಿನ ಮೇಲೆ ಗಾಲಿ ಜೋತಾಡುವಾಗ ತೆಗೆದ ಅಳತೆ ಸುಳ್ಳು ಅಳತೆ. ಫ್ಲ್ಯಾಂಜಿನ ಮುಖದಿಂದ ಫ್ಲ್ಯಾಂಜಿನ ಮುಖಕ್ಕೆ ಟೇಪು ಹಿಡಿಯಿರಿ. ಆ ಸ್ಥಿತಿಯಲ್ಲಿ ಸ್ಪ್ಲೈನ್ ತನ್ನ ಓಡಾಟದ ನಡುವಿನಲ್ಲಿ ಇರಬೇಕು. ಆಮೇಲೆ ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೌಸಿಂಗನ್ನು ಪೂರ್ತಿ ಜೋತುಬಿಟ್ಟು ಇನ್ನೊಮ್ಮೆ ಅಳೆಯಿರಿ. ಆಗಲೂ ಸ್ಪ್ಲೈನಿನ ಅರ್ಧಕ್ಕಿಂತ ಹೆಚ್ಚು ಭಾಗ ಒಳಗೆ ಕಚ್ಚಿಕೊಂಡಿರಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಇದಕ್ಕೆ ವಿರುದ್ಧದ ತಪ್ಪೂ ಇದೆ. ಇರಲಿ ಎಂದು ಉದ್ದ ಹೆಚ್ಚಿಗೆ ಮಾಡಿಸಿದರೆ ಗಾಡಿ ಗುಂಡಿಗೆ ಬಿದ್ದು ಪಾಟಾ ಪೂರ್ತಿ ಒತ್ತಿದಾಗ ಸ್ಪ್ಲೈನ್ ತಳ ಮುಟ್ಟಿ, ಆ ಗುದ್ದು ನೇರ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ ಬೀಳುತ್ತದೆ.

ಶಾಫ್ಟ್ ಉದ್ದ ಮಾಡಿಸುವುದು ಮನೆಗೆಲಸವಲ್ಲ. ಊರಿನ ಬೆಸುಗೆ ಅಂಗಡಿಯಲ್ಲಿ ಕೊಳವೆಗೆ ತುಂಡು ಕೂಡಿಸಿಕೊಂಡು ಬರುವುದು ಜೀವಕ್ಕೇ ಅಪಾಯ. ಲೇತಿನ ಮೇಲೆ ಸರಳ ನೋಡಿ, ಬೆಸೆದು, ತಿರುಗಿಸಿ ತೂಕ ಕಟ್ಟುವ ಕಡೆಗೇ ಕೊಡಿ. ನಮ್ಮ ಅದೃಷ್ಟಕ್ಕೆ ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಹಾಪುರದ ಶಿರೋಲಿ, ಎರಡೂ ಎರಕ ಮತ್ತು ಲೇತಿನ ಕೆಲಸಕ್ಕೆ ಹೆಸರಾದವು. ನಿಪ್ಪಾಣಿಯಿಂದ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದರೆ ಎರಡೂ ಅರ್ಧ ದಿನದ ಕೆಲಸ. ಕೊಡುವಾಗ ಒಂದೇ ಪ್ರಶ್ನೆ ಕೇಳಿ: ಬೆಸೆದ ಮೇಲೆ ಬ್ಯಾಲೆನ್ಸಿಂಗ್ ಮಾಡಿ ಕೊಡುತ್ತೀರಾ? ಇಲ್ಲ ಎಂದರೆ ಮುಂದಿನ ಅಂಗಡಿಗೆ ಹೋಗಿ.

ಉದ್ದದ ಜೊತೆಗೆ ಕೋನವನ್ನೂ ಸರಿಮಾಡಬೇಕು. ಮೊಬೈಲಿನಲ್ಲಿರುವ ಲೆವೆಲ್ ಸಾಕು. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜಿನ ಮುಖಕ್ಕೆ ಹಿಡಿದು ಎಷ್ಟು ಡಿಗ್ರಿ ವಾಲಿದೆ ಬರೆದುಕೊಳ್ಳಿ, ಪಿನಿಯನ್ ಫ್ಲ್ಯಾಂಜಿಗೂ ಹಿಡಿದು ಬರೆದುಕೊಳ್ಳಿ. ಎರಡು ಜಾಯಿಂಟಿನ ಸಾಧಾರಣ ಶಾಫ್ಟಿಗೆ ಈ ಎರಡು ಮುಖಗಳು ಸಮಾಂತರವಾಗಿರಬೇಕು. ಶಾಕಲ್ ಉದ್ದ ಮಾಡಿ ಎತ್ತರಿಸಿದ ಗಾಡಿಗಳಲ್ಲಿ ಹೌಸಿಂಗ್ ಕೂಡ ಸ್ವಲ್ಪ ತಿರುಗಿ ಪಿನಿಯನ್ನಿನ ಮೂತಿ ಬೇರೆ ಕಡೆ ನೋಡುತ್ತಿರುತ್ತದೆ. ಅದನ್ನು ತಿರುಗಿಸಲು ಪಾಟಾ ಮತ್ತು ಹೌಸಿಂಗಿನ ನಡುವೆ ಉಕ್ಕಿನ ಬೆಣೆ ಕೊಡುತ್ತಾರೆ, ಸೆಂಟರ್ ಬೋಲ್ಟು ಅದರ ತೂತಿನಲ್ಲಿ ಹಾಯಬೇಕು. ಅಲ್ಯುಮಿನಿಯಂ ಬೆಣೆ ಬಿರುಕು ಬಿಡುತ್ತದೆ, ಬೇಡ. ಹಿಂದಿನ ಹೌಸಿಂಗಿಗೆ ಬೆಣೆ ಕೊಟ್ಟು ನೋಡುವುದರಲ್ಲಿ ತೊಂದರೆ ಇಲ್ಲ. ಮುಂದಿನದಕ್ಕೆ ಕೊಟ್ಟರೆ ಸ್ಟೇರಿಂಗಿನ ಸ್ವಭಾವವೇ ಬದಲಾಗುತ್ತದೆ, ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ.

ಇನ್ನೊಂದು ದಾರಿ, ಟ್ರಾನ್ಸ್‌ಫರ್ ಕೇಸನ್ನೇ ಅರ್ಧದಿಂದ ಒಂದು ಇಂಚು ಕೆಳಗಿಳಿಸುವುದು. ಹಾಗೆ ಮಾಡಿದರೆ ಎಂಜಿನ್ ಹಿಂದಕ್ಕೆ ವಾಲಿ, ಮುಂದಿನ ಫ್ಯಾನು ಮೇಲೆದ್ದು ರೇಡಿಯೇಟರಿನ ಕವಚಕ್ಕೆ ತಗಲುತ್ತದೆಯೇ, ಗೇರು ಲಿವರ್ ಎಲ್ಲ ಗೇರಿಗೂ ಬೀಳುತ್ತದೆಯೇ ನೋಡಿ. ಎತ್ತರ ಎರಡು ಇಂಚು ದಾಟಿದ್ದರೆ ಈ ಉಪಾಯಗಳೆಲ್ಲ ಸಾಲುವುದಿಲ್ಲ. ಕೇಸಿನ ಕಡೆಗೆ ಜೋಡಿ ಕ್ರಾಸ್ ಇರುವ ಶಾಫ್ಟ್ ಬೇಕಾಗುತ್ತದೆ. ಆಗ ನಿಯಮವೇ ಬೇರೆ: ಪಿನಿಯನ್ ಸಮಾಂತರ ಇರಬಾರದು, ಅದರ ಮೂತಿ ಶಾಫ್ಟಿನ ಸಾಲಿಗೇ ನೇರವಾಗಿ ನೋಡಬೇಕು. ಹಳೆಯ ಸಾಧಾರಣ ಶಾಫ್ಟಿಗೆ ಹೊಂದಿಸಿದ ಬೆಣೆಯನ್ನು ಹಾಗೇ ಬಿಟ್ಟು ಜೋಡಿ ಕ್ರಾಸಿನ ಶಾಫ್ಟ್ ಹಾಕಿ, ದುಡ್ಡು ಹೋಯಿತು ಎಂದು ಕೈಹಿಸುಕಿಕೊಂಡವರನ್ನು ಕಂಡಿದ್ದೇನೆ.

ಕೂರಿಸುವಾಗ ಹಳೆಯ ಬೋಲ್ಟು ಹಾಕಬೇಡಿ. ತಲೆಯ ಮೇಲೆ 10.9 ಅಥವಾ ಕಂಪನಿ ಹೇಳಿದ ಗುರುತು ಇರುವ ಹೊಸ ಬೋಲ್ಟು, ಹೊಸ ಲಾಕ್ ನಟ್ಟು ತನ್ನಿ. ಫ್ಲ್ಯಾಂಜಿನ ಮುಖಗಳನ್ನು ಬ್ರಷ್ಷಿನಿಂದ ಒರೆಸಿ. ನಡುವೆ ಒಂದು ಮರಳಿನ ಕಣ ಸಿಕ್ಕಿದರೂ ಶಾಫ್ಟ್ ಓರೆ ಕೂರುತ್ತದೆ. ಎದುರುಬದುರು ಬೋಲ್ಟುಗಳನ್ನು ಸರದಿಯಂತೆ ಬಿಗಿಮಾಡಿ, ಕೊನೆಯ ಬಿಗಿ ಟಾರ್ಕ್ ಪಾನಾದಿಂದ, ಆ ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ.

ಇಷ್ಟು ಹೊತ್ತು ಹೇಳಿದ್ದು ಹಿಂದೂ ಮುಂದೂ ಇಡೀ ಹೌಸಿಂಗ್ ಇರುವ ಜೀಪು, ಜಿಪ್ಸಿಗಳ ಮಾತು. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಗೂ, 2020ರ ಹೊಸ ಥಾರ್‌ಗೂ ಮುಂದಿನ ಗಾಲಿಗಳು ಬೇರೆಬೇರೆಯಾಗಿ ಏಳುತ್ತವೆ. ಅಲ್ಲಿ ಗಾಲಿಗೊಂದರಂತೆ ಗಿಡ್ಡ ಆಕ್ಸಲ್ ಶಾಫ್ಟ್, ತುದಿಗಳಲ್ಲಿ ರಬ್ಬರ್ ಬೂಟಿನೊಳಗೆ ಸಿವಿ ಜಾಯಿಂಟ್. ಎತ್ತರಿಸಿದಾಗ ಮೊದಲು ಹರಿಯುವುದು ಈ ಬೂಟು. ಮಡಿಕೆ ಮಡಿಕೆಗೆ ಉಜ್ಜಿ ಬಿರುಕು ಬಿಡುತ್ತದೆ, ಗ್ರೀಸ್ ಹೊರಗೆ ಚಿಮ್ಮುತ್ತದೆ, ಒಳಗೆ ಮಣ್ಣು ಸೇರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ‘ಕಟ್ ಕಟ್’ ಎಂದರೆ ಹೊರಗಿನ ಜಾಯಿಂಟ್ ಹೋಗಿದೆ. ಬಿರುಕು ಕಂಡ ವಾರವೇ ಬೂಟು ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಇಡೀ ಶಾಫ್ಟ್ ಬದಲಿಸುವುದಾದರೆ ಹಬ್ಬಿನ ದೊಡ್ಡ ನಟ್ಟನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿ. ಬ್ರೇಕ್ ಕ್ಯಾಲಿಪರನ್ನು ಅದರ ಪೈಪಿನ ಮೇಲೆ ಜೋತುಬಿಡದೆ ತಂತಿಯಿಂದ ಮೇಲೆ ಕಟ್ಟಿ. ಶಾಫ್ಟನ್ನು ಹಿಡಿದು ಎಳೆಯಬೇಡಿ, ಒಳಗಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ. ಬುಡದಲ್ಲಿ ಮೀಟಿ ಹೊರತೆಗೆಯಬೇಕು. ಹೊಸದನ್ನು ತೂರಿಸುವಾಗ ಆಯಿಲ್ ಸೀಲಿನ ತುಟಿ ಕತ್ತರಿಸದಂತೆ ನೋಡಿ, ಹೊಸ ಹಬ್ ನಟ್ಟೇ ಹಾಕಿ.

ನೀರಿನ ಮಾತು ಹೇಳದೆ ನಮ್ಮ ಕಡೆ ಯಾವ ಗಾಡಿಯ ಮಾತೂ ಮುಗಿಯುವುದಿಲ್ಲ. 2005, 2019, 2021ರ ಮಹಾಪೂರಗಳನ್ನು ಕಂಡವರು ನಾವು. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆ ಮುಳುಗುವುದು, ದೂಧಗಂಗೆ, ವೇದಗಂಗೆಯ ಕೆಳಮಟ್ಟದ ಸೇತುವೆಗಳು ಬಂದ್ ಆಗುವುದು ನಮಗೆ ಹೊಸದಲ್ಲ. ಎತ್ತರಿಸಿದ ಜೀಪು ಇದೆ ಎಂದು ಮುಳುಗಿದ ಸೇತುವೆಗೆ ಇಳಿಯಬೇಡಿ, ಕೈಮುಗಿದು ಹೇಳುತ್ತೇನೆ. ಹರಿಯುವ ನೀರಿಗೆ ಎರಡು ಇಂಚಿನ ಲೆಕ್ಕವಿಲ್ಲ. ಹೊಲದ ನಿಂತ ನೀರಿನಲ್ಲಿ ಹಾದು ಬಂದರೂ ಮರುದಿನವೇ ನಾಲ್ಕೂ ಕ್ರಾಸಿಗೆ, ಸ್ಪ್ಲೈನಿಗೆ ಹೊಸ ಗ್ರೀಸ್ ಹೊಡೆದು ಒಳಗಿನ ನೀರು ಹೊರದೂಡಬೇಕು. ಹೌಸಿಂಗಿನ ಆಯಿಲ್ ಪ್ಲಗ್ಗು ಬಿಚ್ಚಿ ನೋಡಿ, ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಬದಲಿಸಿ. ನಮ್ಮ ಹಿರಿಯರು ಸಂತೆಗೆ ಹೊರಡುವ ಮುನ್ನ ಚಕ್ಕಡಿಯ ಗಾಲಿ ಕಳಚಿ ಕೀಲೆಣ್ಣೆ ಹಾಕುತ್ತಿದ್ದರು. ಎತ್ತರಿಸಿದ ಜೀಪಿನ ಶಾಫ್ಟಿಗೂ ಅದೇ ಕಾಳಜಿ ಬೇಕು.

ಕಾನೂನನ್ನೂ ಮುಚ್ಚಿಡಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಎತ್ತರಿಸಿದ ಹಳೆಯ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಚಿಕ್ಕೋಡಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ನನ್ನ ಜೀಪಿನ ಮಾತಿಗೆ ಬಂದರೆ, ನಾನು ಎರಡು ವರ್ಷ ಬೆಣೆ ಕೊಟ್ಟು, ಉದ್ದ ಮಾಡಿಸಿದ ಶಾಫ್ಟ್ ಹಾಕಿ ಓಡಿಸಿದೆ. ಕ್ರಾಸ್ ಒಂದೂ ಹೋಗಲಿಲ್ಲ. ಆದರೂ ಕಳೆದ ಹಂಗಾಮು ಮುಗಿದ ಮೇಲೆ ಪಾಟಾ ಮೂಲ ಎತ್ತರಕ್ಕೇ ಇಳಿಸಿದೆ. ಇಳಿಸುವಾಗ ಬೆಣೆ ತೆಗೆದೆ, ಉದ್ದದ ಶಾಫ್ಟ್ ತೆಗೆದು ಮೂಲ ಅಳತೆಯದ್ದನ್ನೇ ಹಾಕಿದೆ. ಬಿಟ್ಟಿದ್ದರೆ ಮೊದಲ ಗುಂಡಿಯಲ್ಲೇ ಟ್ರಾನ್ಸ್‌ಫರ್ ಕೇಸಿಗೆ ಗುದ್ದುತ್ತಿತ್ತು. ನಮ್ಮ ಹೊಲದ ದಾರಿಗೆ ಒಳ್ಳೆಯ ಹಲ್ಲಿನ ಟೈರು, ಮೂಲ ಎತ್ತರದ ಪಾಟಾ ಸಾಕು ಎಂಬುದು ಈಗ ನನ್ನ ತೀರ್ಮಾನ.

ಶಾಫ್ಟ್ ಹಾಕಿದ ಮೇಲೆ ಮೊದಲು ಊರೊಳಗೆ ನಿಧಾನ ಓಡಿಸಿ, ಆಮೇಲೆ ಹೆದ್ದಾರಿಗೆ ಹೋಗಿ. ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಅದಕ್ಕೂ ಮೊದಲು, ಅಂಗಳದಲ್ಲಿ ಕೆಲಸ ಮುಗಿಸಿ ಕೆಳಗಿನಿಂದ ಎದ್ದು ಬಂದಾಗ, ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಅದು ಹಿಡಿದಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗಾಲಿಯ ಕೆಳಗಿನ ಕಲ್ಲು ತೆಗೆಯಿರಿ.